ಲೇಸರ್ ಫ್ರೀಕ್ವೆನ್ಸಿ ಜಾರದಂತೆ ನಿಲ್ಲಿಸುವುದು: ಬಿಸಿಯಿಂದ ಶುರುಮಾಡಿ, ಲಾಕ್ ಕೊನೆಗಿರಲಿ

ಒಂದು ಡಿಎಫ್‌ಬಿ ಲೇಸರಿನ (ಒಂದೇ ಬಣ್ಣದ ಬೆಳಕು ಕೊಡುವ ಪುಟ್ಟ ಸೆಮಿಕಂಡಕ್ಟರ್ ಲೇಸರ್) ಬಿಸಿ 1 ಡಿಗ್ರಿ ಏರಿದರೆ ಅದರ ಫ್ರೀಕ್ವೆನ್ಸಿ ಸುಮಾರು 12 ಗಿಗಾಹರ್ಟ್ಸ್ ಇಳಿಯುತ್ತದೆ. ಕರೆಂಟ್ 1 ಮಿಲಿಆಂಪಿಯರ್ ಏರಿದರೆ ಸುಮಾರು 1 ಗಿಗಾಹರ್ಟ್ಸ್ ಇಳಿಯುತ್ತದೆ. ಒಂದು ಲೇಸರಿಗೂ ಇನ್ನೊಂದಕ್ಕೂ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಂದಾಜಿಗೆ ಇಷ್ಟು ಸಾಕು. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಟೇಬಲ್ ಎದುರಿನ ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೆಯೇ ನಿಂತಿದೆ.

ಈ ಕೆಲಸಕ್ಕೆ ಹೊಸದಾಗಿ ಕೈಹಾಕುವವರಲ್ಲಿ ಬಹಳ ಜನ ನೇರವಾಗಿ ಲಾಕಿಂಗ್ ಸರ್ಕ್ಯೂಟಿಗೆ, ಅಂದರೆ ಲೇಸರಿನ ಫ್ರೀಕ್ವೆನ್ಸಿಯನ್ನು ಒಂದು ಅಳತೆಗೋಲಿಗೆ ಕಟ್ಟಿಹಾಕುವ ಸರ್ಕ್ಯೂಟಿಗೆ ಹೋಗುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಲಾಕ್ ಹಿಡಿಯುತ್ತಿತ್ತು, ಹತ್ತು ಹದಿನೈದು ನಿಮಿಷಕ್ಕೆ ಬಿಟ್ಟುಹೋಗುತ್ತಿತ್ತು. ವಾರಗಟ್ಟಲೆ ಸರ್ಕ್ಯೂಟಿನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಒಂದು ದಿನ ಕೋಣೆಯ ಬಿಸಿಯನ್ನೂ ಅದೇ ಗ್ರಾಫಿನಲ್ಲಿ ಬರೆದು ನೋಡಿದರೆ, ಏಸಿಯ ಕಂಪ್ರೆಸರ್ ಆನ್ ಆದಾಗಲೆಲ್ಲ ಲಾಕ್ ತಪ್ಪುತ್ತಿತ್ತು. ಅವತ್ತಿನಿಂದ ನನ್ನ ಕ್ರಮ ಇದೇ: ಮೊದಲು ಬಿಸಿ, ಆಮೇಲೆ ಕರೆಂಟ್, ಆಮೇಲೆ ವಾಪಸ್ ಬರುವ ಬೆಳಕು. ಈ ಮೂರೂ ತಣ್ಣಗೆ ಕೂತ ಮೇಲೆ ಲಾಕ್.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ. 14 ಪಿನ್ನಿನ ಬಟರ್‌ಫ್ಲೈ ಪ್ಯಾಕೇಜಿನಲ್ಲಿರುವ ಒಂದು ಡಿಎಫ್‌ಬಿ ಲೇಸರ್. ಅದನ್ನು ಅಸಿಟಿಲೀನ್ ಅನಿಲದ ಒಂದು ಹೀರಿಕೆ ಗೆರೆಗೆ, ಅಂದರೆ ಆ ಅನಿಲ ನುಂಗುವ ಒಂದು ನಿರ್ದಿಷ್ಟ ಬಣ್ಣಕ್ಕೆ, ಕಟ್ಟಿಹಾಕಬೇಕು. ಗೆರೆಯ ಹೆಸರು ಪಿ-13, ಇರುವ ಜಾಗ 1532.83 ನ್ಯಾನೋಮೀಟರ್. ಫೈಬರ್ ಸಂಪರ್ಕದಲ್ಲಿ ಜಾಸ್ತಿ ಬಳಸುವ ಸಿ-ಬ್ಯಾಂಡಿನ ಒಳಗೇ ಇದು ಬರುತ್ತದೆ.

ನಿಮಗೆ ಎಷ್ಟು ಸ್ಥಿರತೆ ಬೇಕು?

ಇದನ್ನು ಮೊದಲೇ ತೀರ್ಮಾನಿಸಿದರೆ ದುಡ್ಡೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಒಂದೇ ಫೈಬರಿನಲ್ಲಿ ಹತ್ತಾರು ಬಣ್ಣದ ಬೆಳಕು ಕಳಿಸುವ ಡಿಡಬ್ಲ್ಯೂಡಿಎಂ ವ್ಯವಸ್ಥೆಯಲ್ಲಿ ಚಾನೆಲ್‌ಗಳ ಜಾಗ ಗೊತ್ತುಮಾಡಿಟ್ಟಿರುತ್ತಾರೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯು ಮಾಡಿದ ಈ ಗ್ರಿಡ್ 193.1 ಟೆರಾಹರ್ಟ್ಸ್‌ನಿಂದ ಎಣಿಕೆ ಶುರುಮಾಡುತ್ತದೆ. ಅಲ್ಲಿಂದ ಎರಡೂ ಕಡೆಗೆ 100 ಅಥವಾ 50 ಗಿಗಾಹರ್ಟ್ಸ್‌ಗೊಂದು ಚಾನೆಲ್. ಲೇಸರ್ ತನ್ನ ಜಾಗ ಬಿಟ್ಟು ಜಾರಿದರೆ ದಾರಿಯಲ್ಲಿರುವ ಫಿಲ್ಟರ್ ಅದರ ಬೆಳಕನ್ನು ಕತ್ತರಿಸುತ್ತದೆ, ಜೊತೆಗೆ ಪಕ್ಕದ ಚಾನೆಲ್ಲಿಗೂ ತೊಂದರೆ. ಮಾರುಕಟ್ಟೆಯ ಟ್ಯೂನಬಲ್ ಲೇಸರ್ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಹೆಚ್ಚುಕಮ್ಮಿ 1.5ರಿಂದ 2.5 ಗಿಗಾಹರ್ಟ್ಸ್ ಒಳಗೆ ನಿಲ್ಲುತ್ತವೆ.

ಈಗ ಗೋಡೆಯ ಚೀಟಿ ನೋಡಿ. 2.5 ಗಿಗಾಹರ್ಟ್ಸ್ ಅಂದರೆ 0.2 ಡಿಗ್ರಿ. ಇಷ್ಟನ್ನು ಸಾಧಾರಣ ಟೆಂಪರೇಚರ್ ಕಂಟ್ರೋಲರೇ ಹಿಡಿದಿಡುತ್ತದೆ. ಹಾಗಿದ್ದರೂ ಮಾಡ್ಯೂಲಿನೊಳಗೆ ಒಂದು ಪುಟ್ಟ ಎಟಲಾನ್ (ಸಮ ಅಂತರದ ಕೆಲವು ಫ್ರೀಕ್ವೆನ್ಸಿಗಳನ್ನಷ್ಟೇ ಚೆನ್ನಾಗಿ ದಾಟಿಸುವ ಗಾಜಿನ ತುಂಡು) ಯಾಕೆ ಇಟ್ಟಿರುತ್ತಾರೆ? ಲೇಸರಿಗೂ ವಯಸ್ಸಾಗುತ್ತದೆ. ಅದೇ ಬಿಸಿ, ಅದೇ ಕರೆಂಟ್ ಇದ್ದರೂ ವರ್ಷಗಳು ಕಳೆದ ಹಾಗೆ ಫ್ರೀಕ್ವೆನ್ಸಿ ನಿಧಾನವಾಗಿ ಸರಿಯುತ್ತದೆ. ಅದನ್ನು ಹಿಡಿಯಲು ಲೇಸರಿನ ಹೊರಗಿನ ಒಂದು ಅಳತೆಗೋಲು ಬೇಕೇ ಬೇಕು.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಯಲಿ. ಗಂಟೆಗಟ್ಟಲೆ ನಡೆಯುವ ಜಾರುವಿಕೆ ಒಂದು, ಮೈಕ್ರೋಸೆಕೆಂಡುಗಳಲ್ಲಿ ನಡೆಯುವ ನಡುಕ ಇನ್ನೊಂದು. ನಡುಕವನ್ನು ಲೈನ್‌ವಿಡ್ತ್ ಅಂತ ಅಳೆಯುತ್ತೇವೆ. ಸಾಮಾನ್ಯ ಡಿಎಫ್‌ಬಿಯಲ್ಲಿ ಅದು ಕೆಲವು ಮೆಗಾಹರ್ಟ್ಸ್ ಇರುತ್ತದೆ. ಎಕ್ಸ್‌ಟರ್ನಲ್ ಕ್ಯಾವಿಟಿ ಲೇಸರಿನಲ್ಲಿ 100 ಕಿಲೋಹರ್ಟ್ಸ್‌ಗಿಂತಲೂ ಕಡಿಮೆ ಇರಬಹುದು. ಬೆಳಕಿನ ಫೇಸನ್ನೂ ಓದುವ ಕೊಹೆರೆಂಟ್ ರಿಸೀವರಿಗೆ ಎರಡೂ ಮುಖ್ಯ. ಸಣ್ಣಪುಟ್ಟ ಜಾರುವಿಕೆಯನ್ನು ರಿಸೀವರಿನಲ್ಲಿ ಸಿಗ್ನಲ್ಲಿನ ಲೆಕ್ಕ ಮಾಡುವ ಡಿಎಸ್‌ಪಿ ಚಿಪ್ ಸರಿಮಾಡಿಕೊಳ್ಳುತ್ತದೆ, ನಡುಕ ಜಾಸ್ತಿಯಾದರೆ ಅದಕ್ಕೂ ಕಷ್ಟ. ಕೆಳಗೆ ಹೇಳುವ ಲಾಕ್ ಜಾರುವಿಕೆಗೆ ಮದ್ದು. ಡಿಎಫ್‌ಬಿಯ ಲೈನ್‌ವಿಡ್ತ್ ಇದರಿಂದ ಕಿರಿದಾಗುವುದಿಲ್ಲ.

ಬಿಸಿಯನ್ನು ಹಿಡಿಯಿರಿ

ಲೇಸರ್ ಕೊಳ್ಳುವಾಗಲೇ ಒಂದು ಉಪಾಯ ಮಾಡಿ. ಅಸಿಟಿಲೀನ್ ಗೆರೆಗೆ ಅಂತಲೇ ಲೇಸರ್ ಮಾಡಿಸಬೇಕಾಗಿಲ್ಲ. ಗ್ರಿಡ್‌ನ 195.6 ಟೆರಾಹರ್ಟ್ಸ್ ಚಾನೆಲ್ಲಿನ ಲೇಸರ್ ತೆಗೆದುಕೊಳ್ಳಿ. ಅದರ ತರಂಗಾಂತರ 1532.68 ನ್ಯಾನೋಮೀಟರ್. ನಮಗೆ ಬೇಕಾದ ಗೆರೆ ಅಲ್ಲಿಂದ 0.15 ನ್ಯಾನೋಮೀಟರ್ ಆಚೆ. ಒಂದು ಡಿಗ್ರಿಗೆ 0.1 ನ್ಯಾನೋಮೀಟರ್ ಸರಿಯುವ ಲೇಸರಿಗೆ ಅದು ಬರೀ ಒಂದೂವರೆ ಡಿಗ್ರಿ. 25 ಡಿಗ್ರಿಯ ಆಸುಪಾಸಿನಲ್ಲೇ ಕೆಲಸ ಮುಗಿಯುವುದರಿಂದ ಲೇಸರಿನ ಬಿಸಿ ಹಿಡಿದಿಡುವ ಪೆಲ್ಟಿಯರ್ ಮೇಲೆ ಹೊರೆ ಬೀಳುವುದಿಲ್ಲ.

ಬಟರ್‌ಫ್ಲೈ ಪ್ಯಾಕೇಜಿನೊಳಗೆ ಲೇಸರ್ ಚಿಪ್, ಅದರ ಪಕ್ಕ ಬಿಸಿ ಅಳೆಯುವ ಥರ್ಮಿಸ್ಟರ್, ಕೆಳಗೆ ಪೆಲ್ಟಿಯರ್ ಇರುತ್ತವೆ. ಪೆಲ್ಟಿಯರನ್ನೇ ಟಿಇಸಿ ಅಂತಲೂ ಕರೆಯುತ್ತೇವೆ. ಅದು ಚಿಪ್ಪಿನ ಬಿಸಿಯನ್ನು ತೆಗೆದು ತಳಕ್ಕೆ ಹಾಕುತ್ತದೆ. ತಳದಿಂದ ಆ ಬಿಸಿ ಹೊರಗೆ ಹೋಗದಿದ್ದರೆ ಯಾವ ಕಂಟ್ರೋಲರ್ ಇದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಚಪ್ಪಟೆ ಅಲ್ಯೂಮಿನಿಯಂ ಅಥವಾ ತಾಮ್ರದ ಹೀಟ್ ಸಿಂಕ್ ಬೇಕು. ಥರ್ಮಲ್ ಪೇಸ್ಟ್ ತೆಳ್ಳಗಿರಲಿ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ತಳ ಬಾಗುತ್ತದೆ, ಒಳಗೆ ಫೈಬರಿನ ಜೋಡಣೆ ಕದಲಿ ಪವರ್ ಇಳಿಯುತ್ತದೆ. ಬಿಗಿ ಮಾಡುವಾಗ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಇರಲೇಬೇಕು. ಲೇಸರ್ ಚಿಪ್ ಸಾಯಲು ಕೈಯ ಸ್ಥಿರ ವಿದ್ಯುತ್ತು ಸಾಕು, ಸತ್ತಿದ್ದು ಕಣ್ಣಿಗೆ ಕಾಣುವುದೂ ಇಲ್ಲ.

ಥರ್ಮಿಸ್ಟರ್ ಸಾಮಾನ್ಯವಾಗಿ 25 ಡಿಗ್ರಿಯಲ್ಲಿ 10 ಕಿಲೋಓಮ್. 1 ಡಿಗ್ರಿಗೆ ಸುಮಾರು 440 ಓಮ್ ಬದಲಾಗುತ್ತದೆ. ಅದರಲ್ಲಿ 100 ಮೈಕ್ರೋಆಂಪಿಯರ್ ಹರಿಸಿದರೆ 1 ವೋಲ್ಟ್ ಸಿಗುತ್ತದೆ. ಒಂದು ಮಿಲಿಡಿಗ್ರಿ ಬದಲಾವಣೆ ಅಂದರೆ 44 ಮೈಕ್ರೋವೋಲ್ಟ್. ಆ ಒಂದು ಮಿಲಿಡಿಗ್ರಿಗೆ ಲೇಸರ್ 12 ಮೆಗಾಹರ್ಟ್ಸ್ ಸರಿಯುತ್ತದೆ. ಅಂದರೆ ನೀವು ನಿಜವಾಗಿ ಕಾಯಬೇಕಾಗಿರುವುದು ಈ ಕೆಲವು ಮೈಕ್ರೋವೋಲ್ಟುಗಳನ್ನು. ಥರ್ಮಿಸ್ಟರಿನ ಎರಡು ತಂತಿಗಳನ್ನು ಒಂದಕ್ಕೊಂದು ಹುರಿ ಮಾಡಿ, ಟಿಇಸಿಯ ದಪ್ಪ ತಂತಿಗಳಿಂದ ದೂರ ಇಡಿ. ಟಿಇಸಿಯಲ್ಲಿ ಹರಿಯುವ ಕರೆಂಟ್ ಆಂಪಿಯರ್ ಲೆಕ್ಕದಲ್ಲಿರುತ್ತದೆ. ಎರಡಕ್ಕೂ ಒಂದೇ ಗ್ರೌಂಡ್ ತಂತಿ ಕೊಟ್ಟರೆ 44 ಮೈಕ್ರೋವೋಲ್ಟ್ ಎಲ್ಲಿ ಉಳಿಯುತ್ತದೆ?

ಮೊದಲ ಸಲ ಟಿಇಸಿ ಆನ್ ಮಾಡುವಾಗ ಲೇಸರ್ ಆಫ್ ಇರಲಿ. ಕರೆಂಟ್ ಮಿತಿಯನ್ನು ಕಡಿಮೆ ಇಡಿ. ಈಗ ಅಂಕಿಯ ಮೇಲೆ ಕಣ್ಣಿಡಿ. ಬಿಸಿ ನೀವು ಹೇಳಿದ ಕಡೆಗೆ ಹೋಗುವ ಬದಲು ದೂರ ಓಡುತ್ತಿದ್ದರೆ ಧ್ರುವ ಉಲ್ಟಾ ಆಗಿದೆ. ತಕ್ಷಣ ಆಫ್ ಮಾಡಿ ತಂತಿ ಅದಲುಬದಲು ಮಾಡಿ. ಎಲ್ಲಾ ತಯಾರಕರ ಪಿನ್ ಜೋಡಣೆ ಒಂದೇ ಇರುವುದಿಲ್ಲ. ಹಳೇ ಲೇಸರ್ ತೆಗೆದು ಹೊಸದು ಹಾಕುವಾಗ ಡೇಟಾಶೀಟ್ ಮತ್ತೆ ಓದಿ.

ಕಂಟ್ರೋಲರಿನ ಪಿಐಡಿ, ಅಂದರೆ ಅದು ಎಷ್ಟು ಬಲವಾಗಿ ತಿದ್ದಬೇಕು ಅನ್ನುವ ಪಿ, ಐ, ಡಿ ಎಂಬ ಮೂರು ಅಂಕಿಗಳನ್ನು ಹೊಂದಿಸುವುದು ಕಷ್ಟದ ಕೆಲಸವಲ್ಲ. ಐ ಮತ್ತು ಡಿ ಸೊನ್ನೆ ಮಾಡಿ, ಪಿ ಏರಿಸುತ್ತಾ ಹೋಗಿ. ಬಿಸಿಯ ಅಂಕಿ ಒಂದೇ ಸಮನೆ ಮೇಲೆ ಕೆಳಗೆ ತೂಗಲು ಶುರುವಾದ ಜಾಗ ಸಿಕ್ಕಿತಲ್ಲ, ಅದರ ಅರ್ಧಕ್ಕೆ ಪಿ ಇಳಿಸಿ. ಆಮೇಲೆ ಐ ನಿಧಾನವಾಗಿ ಏರಿಸಿ. ಡಿ ಬಹಳ ಸಲ ಬೇಕಾಗುವುದೇ ಇಲ್ಲ. ಸೆಟ್‌ಪಾಯಿಂಟನ್ನು 0.1 ಡಿಗ್ರಿ ಬದಲಿಸಿ ನೋಡಿ. ಒಂದು ಸಲ ಸ್ವಲ್ಪ ಮೀರಿ ವಾಪಸ್ ಬಂದು ನಿಂತರೆ ಸಾಕು.

ಇಷ್ಟಾದ ಮೇಲೂ ಕೋಣೆಯ ಬಿಸಿ ಲೇಸರಿಗೆ ಸ್ವಲ್ಪ ತಟ್ಟುತ್ತದೆ. ಥರ್ಮಿಸ್ಟರ್ ಇರುವ ಜಾಗ ಮತ್ತು ಚಿಪ್ ಇರುವ ಜಾಗ ಒಂದೇ ಅಲ್ಲ. ಥರ್ಮಿಸ್ಟರ್ ಅಲುಗದೆ ನಿಂತಿದ್ದರೂ ಚಿಪ್ ಕೆಲವು ಮಿಲಿಡಿಗ್ರಿ ಸರಿದಿರುತ್ತದೆ. ಇದಕ್ಕೆ ನನ್ನ ಕೈಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಒಂದು ಥರ್ಮಾಕೋಲ್ ಪೆಟ್ಟಿಗೆ. ಉಪಕರಣವೊಂದರ ಪ್ಯಾಕಿಂಗಿಗೆ ಬಂದಿದ್ದ ಪೆಟ್ಟಿಗೆಯನ್ನು ಕತ್ತರಿಸಿ, ಹೀಟ್ ಸಿಂಕಿನ ರೆಕ್ಕೆ ಹೊರಗೆ, ಲೇಸರ್ ಒಳಗೆ ಇರುವ ಹಾಗೆ ಮುಚ್ಚಿದೆ. ಏಸಿಯ ಜೊತೆ ಏರಿಳಿಯುತ್ತಿದ್ದ ಗೆರೆ ಅರ್ಧ ಗಂಟೆಯಲ್ಲಿ ಚಪ್ಪಟೆಯಾಗಿತ್ತು. ದುಬಾರಿ ಕಂಟ್ರೋಲರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಕರೆಂಟ್

1 ಮಿಲಿಆಂಪಿಯರಿಗೆ 1 ಗಿಗಾಹರ್ಟ್ಸ್ ಅಂದರೆ 1 ಮೈಕ್ರೋಆಂಪಿಯರಿಗೆ 1 ಮೆಗಾಹರ್ಟ್ಸ್. ಅಂಗಡಿಯ ಬೆಂಚ್ ಪವರ್ ಸಪ್ಲೈ ಇಲ್ಲಿ ಆಗುವುದಿಲ್ಲ. ಲೇಸರಿಗೆಂದೇ ಮಾಡಿದ ಕಡಿಮೆ ನಾಯ್ಸಿನ ಕರೆಂಟ್ ಸೋರ್ಸ್ ಬೇಕು. ಕೊಳ್ಳಲು ಆಗದಿದ್ದರೆ ಕಟ್ಟಬಹುದು. 1993ರಲ್ಲಿ ಲಿಬ್‌ಬ್ರೆಕ್ಟ್ ಮತ್ತು ಹಾಲ್ ಪ್ರಕಟಿಸಿದ ಸರ್ಕ್ಯೂಟನ್ನು ಇವತ್ತಿಗೂ ಪ್ರಪಂಚದ ಎಷ್ಟೋ ಲ್ಯಾಬ್‌ಗಳು ಸ್ವಲ್ಪ ತಿದ್ದಿ ಬಳಸುತ್ತಿವೆ. ಇವರಲ್ಲಿ ಜಾನ್ ಹಾಲ್ 2005ರಲ್ಲಿ ನೊಬೆಲ್ ಪಡೆದವರು.

ಆ ಸರ್ಕ್ಯೂಟಿನ ಪ್ರಾಣ ಇರುವುದು ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರಿನಲ್ಲಿ. ಲೆಕ್ಕ ಹಾಕಿ ನೋಡೋಣ. ಸಾಧಾರಣ ರೆಸಿಸ್ಟರ್ ಒಂದು ಡಿಗ್ರಿಗೆ ಹತ್ತು ಲಕ್ಷಕ್ಕೆ 100 ಭಾಗದಷ್ಟು ಬದಲಾಗುತ್ತದೆ ಅಂದುಕೊಳ್ಳಿ. 100 ಮಿಲಿಆಂಪಿಯರ್ ಹರಿಯುವಾಗ ಅದು 10 ಮೈಕ್ರೋಆಂಪಿಯರ್, ಅಂದರೆ 10 ಮೆಗಾಹರ್ಟ್ಸ್. 5 ಭಾಗದ ಒಳ್ಳೆಯ ರೆಸಿಸ್ಟರ್ ಹಾಕಿದರೆ ಅದೇ ಅರ್ಧ ಮೆಗಾಹರ್ಟ್ಸ್. ಒಂದು ಬಿಡಿಭಾಗಕ್ಕೆ ದುಡ್ಡು ಸುರಿಯಬೇಕು ಅಂದರೆ ಇದಕ್ಕೇ ಸುರಿಯಿರಿ.

50 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಕಂಡರೆ ಗ್ರೌಂಡ್ ಲೂಪ್ ಹುಡುಕಿ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದರ ಚಾರ್ಜರ್ ಕಿತ್ತು ನೋಡಿ. ಬಹಳ ಸಲ ಕಳ್ಳ ಅಲ್ಲೇ ಸಿಗುತ್ತಾನೆ. ಆನ್ ಮಾಡುವಾಗ ಟಿಇಸಿ ಮೊದಲು, ಲೇಸರ್ ಆಮೇಲೆ. ಆಫ್ ಮಾಡುವಾಗ ಇದರ ಉಲ್ಟಾ.

ವಾಪಸ್ ಬರುವ ಬೆಳಕು

ಲೇಸರಿನಿಂದ ಹೋದ ಬೆಳಕಿನ ಲವಲೇಶ ವಾಪಸ್ ಒಳಗೆ ಬಂದರೂ ಫ್ರೀಕ್ವೆನ್ಸಿ ಕುಣಿಯುತ್ತದೆ. ಬಟರ್‌ಫ್ಲೈ ಪ್ಯಾಕೇಜಿನೊಳಗೆ ಹೆಚ್ಚಾಗಿ ಒಂದು ಐಸೊಲೇಟರ್ ಇರುತ್ತದೆ, ಸುಮಾರು 30 ಡೆಸಿಬೆಲ್ ತಡೆಯುತ್ತದೆ. ಹೊರಗೆ ಇನ್ನೊಂದು ಹಾಕಿ. ಕನೆಕ್ಟರ್‌ಗಳೆಲ್ಲ ಎಪಿಸಿ ಇರಲಿ. ಹಸಿರು ಬಣ್ಣದವು, ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ನೀಲಿ ಕನೆಕ್ಟರಿಗೆ ಹಸಿರನ್ನು ಜೋಡಿಸಬೇಡಿ. ಮಧ್ಯೆ ಗಾಳಿಯ ಸಂದಿ ಉಳಿದು ಬೆಳಕು ಪ್ರತಿಫಲಿಸುತ್ತದೆ, ತುದಿಗಳೂ ಹಾಳಾಗುತ್ತವೆ.

ಪರೀಕ್ಷೆ ಸುಲಭ. ಆಸಿಲೋಸ್ಕೋಪ್ ನೋಡುತ್ತಾ ಒಂದೊಂದೇ ಕನೆಕ್ಟರನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಯಾವುದನ್ನು ತಟ್ಟಿದಾಗ ಗೆರೆ ಹಾರುತ್ತದೋ ಅದನ್ನು ಬಿಚ್ಚಿ ಒರೆಸಿ. ಬಿಚ್ಚುವ ಮುಂಚೆ ಲೇಸರ್ ಆಫ್ ಮಾಡಿ. 1533 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಆನ್ ಇರುವ ಫೈಬರಿನ ತುದಿಯನ್ನು ಯಾವತ್ತೂ ಇಣುಕಿ ನೋಡಬೇಡಿ.

ಈಗ ಗೆರೆ ಹುಡುಕಿ, ಲಾಕ್ ಮಾಡಿ

ಅಸಿಟಿಲೀನ್ ತುಂಬಿ ಮುಚ್ಚಿದ, ಎರಡೂ ಕಡೆ ಫೈಬರ್ ಇರುವ ಗಾಜಿನ ಸೆಲ್‌ಗಳು ಸಿದ್ಧವಾಗಿಯೇ ಸಿಗುತ್ತವೆ. ಒತ್ತಡ ಕಡಿಮೆ ಇರುವ ಸೆಲ್ ಆರಿಸಿ. ಒತ್ತಡ ಹೆಚ್ಚಿದಷ್ಟೂ ಗೆರೆ ಅಗಲವಾಗುತ್ತದೆ, ಜಾಗವನ್ನೂ ಸ್ವಲ್ಪ ಬಿಡುತ್ತದೆ. ಒತ್ತಡ ಬಹಳ ಕಡಿಮೆ ಇದ್ದಾಗ ಕೋಣೆಯ ಬಿಸಿಯಲ್ಲಿ ಗೆರೆಯ ಅಗಲ ಸುಮಾರು 470 ಮೆಗಾಹರ್ಟ್ಸ್. ಅನಿಲದ ಅಣುಗಳು ಓಡಾಡುವುದರಿಂದ ಬರುವ ಡಾಪ್ಲರ್ ಅಗಲ ಅದು.

ಲೇಸರಿನ ಬೆಳಕಿನಲ್ಲಿ ಒಂದು ಭಾಗವನ್ನು ಕಪ್ಲರ್ ಮೂಲಕ ಸೆಲ್‌ಗೆ ಕಳಿಸಿ. ಸೆಲ್ ದಾಟಿ ಬಂದಿದ್ದನ್ನು ಫೋಟೋಡಯೋಡಿಗೆ ಕೊಡಿ. ಕರೆಂಟಿಗೆ 10 ಹರ್ಟ್ಸ್‌ನ ತ್ರಿಕೋನ ಅಲೆ ಸೇರಿಸಿ, 3 ಮಿಲಿಆಂಪಿಯರಿನಷ್ಟು ಓಡಾಡಿಸಿ. ಈಗ ಟಿಇಸಿಯ ಬಿಸಿಯನ್ನು ನೂರನೇ ಒಂದು ಡಿಗ್ರಿಯ ಹೆಜ್ಜೆಯಲ್ಲಿ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಸ್ಕೋಪಿನ ಬಲ ಅಂಚಿನಿಂದಲೋ ಎಡ ಅಂಚಿನಿಂದಲೋ ಒಂದು ಗುಂಡಿ ತೆವಳಿಕೊಂಡು ಒಳಗೆ ಬರುತ್ತದೆ. ಇಳಿಜಾರಾದ ಗೆರೆಯ ಮಧ್ಯೆ ಚೊಕ್ಕವಾದ ಒಂದು ತಗ್ಗು. ಕೆಲವು ಕೋಟಿ ಕೋಟಿ ಅಣುಗಳು ಇದೊಂದೇ ಬಣ್ಣವನ್ನು ಆರಿಸಿ ನುಂಗುತ್ತಿರುವುದು ಅದು. ಎಷ್ಟು ಸಲ ನೋಡಿದರೂ ನನಗೆ ಖುಷಿ ಕಡಿಮೆಯಾಗಿಲ್ಲ.

ಅದು ಪಿ-13 ಹೌದೋ ಅಲ್ಲವೋ ಅಂತ ಖಚಿತ ಮಾಡಿಕೊಳ್ಳಿ. ಇಲ್ಲಿ ಅಸಿಟಿಲೀನ್ ಗೆರೆಗಳು ಸುಮಾರು 0.6 ನ್ಯಾನೋಮೀಟರಿಗೊಂದು ಬರುತ್ತವೆ. ಒಂದು ಬಿಟ್ಟು ಒಂದು ಗಟ್ಟಿಯಾಗಿರುತ್ತವೆ. ಬೆಸ ಸಂಖ್ಯೆಯವು ಆಳ, ಸಮ ಸಂಖ್ಯೆಯವು ಅವುಗಳ ಮೂರನೇ ಒಂದು ಭಾಗದಷ್ಟು ಬಲದವು. ಬಿಸಿಯನ್ನು ಆರೇಳು ಡಿಗ್ರಿ ಆಚೀಚೆ ಮಾಡಿ ಅಕ್ಕಪಕ್ಕದ ಎರಡನ್ನೂ ನೋಡಿ. ಆಳವಿಲ್ಲದ ಎರಡರ ನಡುವೆ ಆಳವಾದದ್ದು ಸಿಕ್ಕಿದರೆ ಬೆಸ ಗೆರೆಯಲ್ಲೇ ಇದ್ದೀರಿ. ಅದು 11, 13, 15ರಲ್ಲಿ ಯಾವುದು ಅನ್ನುವುದನ್ನು ತರಂಗಾಂತರ ಅಳೆಯುವ ಉಪಕರಣ ಹೇಳಿಬಿಡುತ್ತದೆ.

ತಗ್ಗಿನ ತಳದಲ್ಲಿ ಲೇಸರನ್ನು ನಿಲ್ಲಿಸಬೇಕು. ಆದರೆ ತಳದಲ್ಲಿ ಇಳಿಜಾರು ಇಲ್ಲ. ಲೇಸರ್ ಎಡಕ್ಕೆ ಸರಿಯಿತೋ ಬಲಕ್ಕೆ ಸರಿಯಿತೋ ಬರೀ ಬೆಳಕಿನ ಅಳತೆಯಿಂದ ತಿಳಿಯುವುದಿಲ್ಲ. ಅದಕ್ಕೇ ಕರೆಂಟಿಗೆ ಒಂದು ಸಣ್ಣ ಕಂಪನ ಸೇರಿಸುತ್ತೇವೆ. 10 ಕಿಲೋಹರ್ಟ್ಸ್‌ನಲ್ಲಿ 0.1 ಮಿಲಿಆಂಪಿಯರ್ ಇರಲಿ. ಆಗ ಲೇಸರ್ ಎರಡೂ ಕಡೆ 100 ಮೆಗಾಹರ್ಟ್ಸ್‌ನಷ್ಟು ತೂಗುತ್ತದೆ. ಫೋಟೋಡಯೋಡಿನ ಸಿಗ್ನಲ್ಲನ್ನು ಲಾಕ್-ಇನ್ ಆಂಪ್ಲಿಫೈಯರಿಗೆ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ಲನ್ನು ಆರಿಸಿ ಅಳೆಯುವ ಉಪಕರಣ) ಕೊಟ್ಟು ಅದೇ 10 ಕಿಲೋಹರ್ಟ್ಸ್‌ನಲ್ಲಿ ಅಳೆಯಿರಿ. ತಗ್ಗಿನ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್, ನಟ್ಟನಡುವೆ ಸೊನ್ನೆ. ಸ್ಕ್ಯಾನ್ ಮಾಡಿದಾಗ ಮಲಗಿದ ಎಸ್ ಅಕ್ಷರದಂಥ ಆಕಾರ ಬರುತ್ತದೆ. ಅದು ಅತಿ ದೊಡ್ಡದಾಗಿ ಕಾಣುವ ತನಕ ಫೇಸ್ ತಿರುಗಿಸಿ.

ಲಾಕ್ ಹಿಡಿಸುವಾಗ ಆತುರ ಬೇಡ. ಸ್ಕ್ಯಾನಿನ ಅಗಲವನ್ನು ಕಡಿಮೆ ಮಾಡುತ್ತಾ, ತಗ್ಗನ್ನು ಪರದೆಯ ಮಧ್ಯಕ್ಕೆ ತರುತ್ತಾ ಹೋಗಿ. ಪರದೆ ತುಂಬ ಎಸ್ ಅಕ್ಷರದ ನಡುಭಾಗದ ಓರೆ ಗೆರೆ ಮಾತ್ರ ಉಳಿದಾಗ ಸ್ಕ್ಯಾನ್ ನಿಲ್ಲಿಸಿ, ಈ ಸಿಗ್ನಲ್ಲನ್ನು ಕೂಡಿಸುತ್ತಾ ಕರೆಂಟ್ ತಿದ್ದುವ ಇಂಟಿಗ್ರೇಟರಿನ ಸ್ವಿಚ್ ಹಾಕಿ. ಲೇಸರ್ ಆ ತಗ್ಗಿನಿಂದ ದೂರ ಜಿಗಿದರೆ ಚಿಹ್ನೆ ಉಲ್ಟಾ ಇದೆ, ಬದಲಿಸಿ. ಸದ್ದಿಲ್ಲದೆ ಸೊನ್ನೆಯಲ್ಲಿ ಕೂತರೆ ಲಾಕ್ ಆಗಿದೆ. ಗೇನ್ ಸ್ವಲ್ಪ ಏರಿಸಿ, ತೂಗಲು ಶುರುವಾದರೆ ಇಳಿಸಿ.

ಬೇಗನೆ ತಿದ್ದುವ ಕೆಲಸ ಕರೆಂಟಿಗಿರಲಿ. ಆದರೆ ದಿನವಿಡೀ ಕರೆಂಟೇ ತಿದ್ದುತ್ತಾ ಹೋದರೆ ಪವರ್ ಬದಲಾಗುತ್ತದೆ. ಅದರ ತಿದ್ದುಪಡಿಯನ್ನು ಹತ್ತಾರು ಸೆಕೆಂಡಿನ ನಿಧಾನದ ಎರಡನೇ ಇಂಟಿಗ್ರೇಟರಿಗೆ ಕೊಟ್ಟು ಟಿಇಸಿಯ ಸೆಟ್‌ಪಾಯಿಂಟಿಗೆ ಜೋಡಿಸಿ.

ಒಂದು ಸೂಕ್ಷ್ಮ ಇದೆ. ಕರೆಂಟ್ ಅಲುಗಿದಾಗ ಫ್ರೀಕ್ವೆನ್ಸಿ ಜೊತೆ ಪವರ್ ಕೂಡ ಅಲುಗುತ್ತದೆ. ಹೀಗಾಗಿ ಸೊನ್ನೆ ಬರುವ ಜಾಗ ಗೆರೆಯ ನಿಜವಾದ ನಡುವಿನಿಂದ ಸ್ವಲ್ಪ ಸರಿದಿರುತ್ತದೆ. ಸರಿದು ಅಲ್ಲೇ ನಿಂತರೆ ತೊಂದರೆಯಿಲ್ಲ, ಪವರ್ ಬದಲಾದ ಹಾಗೆ ಅದೂ ಬದಲಾಗುವುದೇ ಕಷ್ಟ. ಲಾಕ್-ಇನ್‌ನಲ್ಲಿ ಮೂರು ಪಟ್ಟು ಫ್ರೀಕ್ವೆನ್ಸಿಯಲ್ಲಿ, ಅಂದರೆ 30 ಕಿಲೋಹರ್ಟ್ಸ್‌ನಲ್ಲಿ ಅಳೆದರೆ ಪವರಿನ ಈ ಇಳಿಜಾರಿನ ಪ್ರಭಾವ ಬಹುಪಾಲು ಹೋಗುತ್ತದೆ. ಸಿಗ್ನಲ್ ಚಿಕ್ಕದಾಗುತ್ತದೆ, ಆದರೂ ನಾನು ಇದನ್ನೇ ಆರಿಸುತ್ತೇನೆ. ಸೆಲ್ಲಿನ ಕಿಟಕಿಗಳ ನಡುವೆ ಹುಟ್ಟುವ ಇಂಟರ್‌ಫರೆನ್ಸ್ ಅಲೆಗಳೂ ಇದೇ ರೀತಿ ಕಾಡುತ್ತವೆ. ಅವು ಬಿಸಿಯ ಜೊತೆ ಸರಿಯುವುದರಿಂದ ಸೆಲ್ಲನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿಡಿ.

ಅಸಿಟಿಲೀನ್ ಗೆರೆಗಳು ಸಿ-ಬ್ಯಾಂಡಿನ ಒಂದು ತುದಿಗೆ ಮಾತ್ರ ಸಿಗುತ್ತವೆ. ಬ್ಯಾಂಡಿನ ಉಳಿದ ಭಾಗಕ್ಕೆ ಹೈಡ್ರೋಜನ್ ಸಯನೈಡ್ ಸೆಲ್ ಬಳಸುತ್ತಾರೆ. ಅದು ವಿಷ, ಗಾಜು ಒಡೆಯದಂತೆ ಎಚ್ಚರ ಇರಲಿ. ರುಬಿಡಿಯಂ ಇನ್ನೊಂದು ದಾರಿ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಂಥ ಕಡೆ ತಣ್ಣನೆಯ ಪರಮಾಣುಗಳ ಮೇಲೆ ಕೆಲಸ ಮಾಡುವವರಿಗೆ ರುಬಿಡಿಯಂನ 780 ನ್ಯಾನೋಮೀಟರ್ ಗೆರೆ ದಿನಬಳಕೆಯದು. 1560 ನ್ಯಾನೋಮೀಟರ್ ಲೇಸರಿನ ಫ್ರೀಕ್ವೆನ್ಸಿಯನ್ನು ಎರಡು ಪಟ್ಟು ಮಾಡಿದರೆ ಸರಿಯಾಗಿ ಅಲ್ಲಿಗೇ ಬರುತ್ತದೆ.

ಗೆರೆಯಿಂದ ಗ್ರಿಡ್‌ಗೆ

ನಮ್ಮ ಪಿ-13 ಇರುವುದು 195.581 ಟೆರಾಹರ್ಟ್ಸ್‌ನಲ್ಲಿ. ಚಾನೆಲ್ ಇರುವುದು 195.6ರಲ್ಲಿ. ನಡುವೆ 19 ಗಿಗಾಹರ್ಟ್ಸ್ ಅಂತರ. ಅಣುಗಳು ನಮ್ಮ ಗ್ರಿಡ್ ನೋಡಿ ಗೆರೆ ಹಾಕಿಕೊಂಡಿಲ್ಲ, ಅಲ್ವಾ? ಜೊತೆಗೆ ಲಾಕ್ ಮಾಡಿದ ಲೇಸರ್ 10 ಕಿಲೋಹರ್ಟ್ಸ್‌ನಲ್ಲಿ ತೂಗುತ್ತಿದೆ, ಡೇಟಾ ಹೊರಲು ಅದು ತಕ್ಕುದಲ್ಲ. ಆದ್ದರಿಂದ ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಎರಡನೇ ಲೇಸರನ್ನು ಡೇಟಾಕ್ಕೆ ಬಳಸಿ. ಎರಡನ್ನೂ ವೇಗದ ಫೋಟೋಡಯೋಡಿನ ಮೇಲೆ ಸೇರಿಸಿದರೆ 19 ಗಿಗಾಹರ್ಟ್ಸ್‌ನ ಬೀಟ್, ಅಂದರೆ ಎರಡರ ಫ್ರೀಕ್ವೆನ್ಸಿಯ ವ್ಯತ್ಯಾಸದ ಸಿಗ್ನಲ್, ಸಿಗುತ್ತದೆ. ಅದನ್ನು ನಿಖರವಾದ ಫ್ರೀಕ್ವೆನ್ಸಿ ಕೊಡುವ ಸಿಂಥಸೈಜರಿಗೆ ಹೋಲಿಸಿ ಎರಡನೆಯದನ್ನು ಹಿಡಿದಿಡಿ.

ಅಷ್ಟು ವೇಗದ ಫೋಟೋಡಯೋಡ್ ಇಲ್ಲದಿದ್ದರೆ ಎಟಲಾನ್ ಬಳಸಿ. ಸುಮಾರು 2 ಮಿಲಿಮೀಟರ್ ದಪ್ಪದ ಸಿಲಿಕಾ ಗಾಜಿನ ತುಂಡು 50 ಗಿಗಾಹರ್ಟ್ಸ್‌ಗೊಂದು ಶಿಖರ ಕೊಡುತ್ತದೆ. ಆದರೆ ಅದೂ ಒಂದು ಡಿಗ್ರಿಗೆ ಸುಮಾರು 1.4 ಗಿಗಾಹರ್ಟ್ಸ್ ಜಾರುತ್ತದೆ. ಲೇಸರಿಗಿಂತ ಎಂಟು ಪಟ್ಟು ವಾಸಿ, ಅಷ್ಟೇ. ಎಟಲಾನಿಗೂ ಒಂದು ಟೆಂಪರೇಚರ್ ಕಂಟ್ರೋಲರ್ ಕೊಡಿ, ಆಗಾಗ ಅಸಿಟಿಲೀನ್ ಲೇಸರಿನಿಂದ ಅದನ್ನು ತಾಳೆ ನೋಡಿ.

ಲಾಕ್ ಆಗಿದೆ ಅಂತ ನಂಬುವ ಮುಂಚೆ

ಲಾಕ್-ಇನ್ ಕೊಡುವ ಎರರ್ ಸಿಗ್ನಲ್ ಸೊನ್ನೆಯಲ್ಲಿ ಚಪ್ಪಟೆಯಾಗಿದೆ ಅಂದ ಮಾತ್ರಕ್ಕೆ ಲೇಸರ್ ಸ್ಥಿರವಾಗಿದೆ ಅಂತ ಬರೆಯಬೇಡಿ. ತಾನೇ ಪರೀಕ್ಷೆ ಬರೆದು ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ ಅದು. ಸೊನ್ನೆಯೇ ಜಾರಿದರೆ ಲೇಸರ್ ಅದರ ಜೊತೆ ನಂಬಿಕೆಯಿಂದ ಜಾರುತ್ತದೆ, ಸಿಗ್ನಲ್ ಚಪ್ಪಟೆಯಾಗಿಯೇ ಇರುತ್ತದೆ.

ಇನ್ನೊಂದು ಸೆಲ್, ಇನ್ನೊಂದು ಲೇಸರ್, ಇನ್ನೊಂದು ಸರ್ಕ್ಯೂಟಿನಿಂದ ಬೇರೆಯೇ ಒಂದು ಲಾಕ್ ಕಟ್ಟಿ. ಪಕ್ಕದ ಲ್ಯಾಬಿನಿಂದ ಒಂದು ವಾರಕ್ಕೆ ಎರವಲು ತಂದರೂ ಸರಿ. ಎರಡರ ಬೀಟನ್ನು ಫ್ರೀಕ್ವೆನ್ಸಿ ಕೌಂಟರಿಗೆ ಕೊಟ್ಟು ಸೆಕೆಂಡಿಗೊಂದು ಓದನ್ನು ರಾತ್ರಿಯಿಡೀ ದಾಖಲಿಸಿ. ಎರಡೂ ಒಂದೇ ಪಿ-13ರಲ್ಲಿದ್ದರೆ ಬೀಟ್ ಸೊನ್ನೆಯ ಹತ್ತಿರ ಬಿದ್ದು ಕೌಂಟರ್ ತಡವರಿಸುತ್ತದೆ. ಒಂದು ಲೇಸರಿನ ದಾರಿಯಲ್ಲಿ ಬೆಳಕಿನ ಫ್ರೀಕ್ವೆನ್ಸಿಯನ್ನು ಸರಿಸುವ ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರ್ ಹಾಕಿ ಬೀಟನ್ನು ಮೇಲೆತ್ತಿ. ಎರಡೂ ಲೇಸರ್ 100 ಮೆಗಾಹರ್ಟ್ಸ್‌ನಷ್ಟು ತೂಗುವುದರಿಂದ ಅದು 200 ಮೆಗಾಹರ್ಟ್ಸ್‌ಗಿಂತ ಹೆಚ್ಚು ಸರಿಸುವಂಥದ್ದಾಗಿರಲಿ. ಎರಡೂ ಲೇಸರಿನ ಕಂಪನ ಬೀಟಿನಲ್ಲಿ ಕಾಣುತ್ತದೆ, ಒಂದು ಸೆಕೆಂಡಿನ ಸರಾಸರಿಯಲ್ಲಿ ಅದು ಅಳಿಸಿಹೋಗುತ್ತದೆ.

ಆ ಅಂಕಿಗಳಿಂದ ಅಲನ್ ಡೀವಿಯೇಷನ್ ಗ್ರಾಫ್ ಬರೆಯಿರಿ. ಎಷ್ಟು ಹೊತ್ತಿನ ಸರಾಸರಿ ತೆಗೆದರೆ ಫ್ರೀಕ್ವೆನ್ಸಿ ಎಷ್ಟು ಅಲುಗುತ್ತದೆ ಅಂತ ಅದು ತೋರಿಸುತ್ತದೆ. 1966ರಲ್ಲಿ ಡೇವಿಡ್ ಅಲನ್ ಗಡಿಯಾರಗಳಿಗಾಗಿ ತಂದ ವಿಧಾನ ಇದು. 1 ಸೆಕೆಂಡ್, 10 ಸೆಕೆಂಡ್, 100 ಸೆಕೆಂಡ್ ಅಂತ ಸರಾಸರಿ ಕಾಲ ಹೆಚ್ಚಿದ ಹಾಗೆ ಗೆರೆ ಇಳಿಯುತ್ತಾ ಹೋಗಬೇಕು. ಯಾವುದೋ ಒಂದು ಕಾಲದಿಂದ ಅದು ಮತ್ತೆ ಮೇಲೇರಿದರೆ ಅಲ್ಲಿಂದ ಜಾರುವಿಕೆ ಶುರು ಅಂತ ಅರ್ಥ.

ಅದೇ ಫೈಲಿನಲ್ಲಿ ಇನ್ನೊಂದು ಕಾಲಂ ಇರಲಿ: ಕೋಣೆಯ ಬಿಸಿ. ಬೆಳಿಗ್ಗೆ ಬಂದು ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಒಂದೇ ತಾಳಕ್ಕೆ ಏರಿಳಿಯುತ್ತಿದ್ದರೆ ಲಾಕ್ ಸರ್ಕ್ಯೂಟ್ ಮುಟ್ಟಬೇಡಿ. ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಎಲ್ಲಿ ಸಂದಿ ಬಿಟ್ಟಿದೆ ನೋಡಿ.